ಅರ್ಧ ಅಂಕದೊಳಗೆ ಹದಿನಾರು ವರ್ಷ

235.90 ಮತ್ತು 235.47. ಮೊದಲನೆಯದಕ್ಕೆ ಚಿನ್ನ, ಎರಡನೆಯದಕ್ಕೆ ಬೆಳ್ಳಿ. 2018ರ ಫೆಬ್ರವರಿ 15ರಂದು ದಕ್ಷಿಣ ಕೊರಿಯದ ಗಂಗ್ನುಂಗ್ ನಗರದಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಜೋಡಿ ಫಿಗರ್ ಸ್ಕೇಟಿಂಗ್ ಸ್ಪರ್ಧೆ ಮುಗಿದಾಗ ಜರ್ಮನಿಯ ಅಲ್ಯೋನಾ ಸಾವ್ಚೆಂಕೊ ಮತ್ತು ಬ್ರೂನೊ ಮಾಸ್ಸೊ ಅವರಿಗೂ, ಚೀನಾದ ಸುಯಿ ವೆನ್‌ಜಿಂಗ್ ಮತ್ತು ಹಾನ್ ಚೊಂಗ್ ಅವರಿಗೂ ನಡುವೆ ಉಳಿದದ್ದು 0.43 ಅಂಕ. ಸಾವಿರಕ್ಕೆ ಎರಡರಷ್ಟೂ ಇಲ್ಲ. ಆಗ ಸಾವ್ಚೆಂಕೊಗೆ 34 ವರ್ಷ. ಅದು ಅವಳ ಐದನೇ ಒಲಿಂಪಿಕ್ಸ್. ಮೊದಲನೆಯದು 2002ರಲ್ಲಿ, ಹದಿನೆಂಟರ ಹುಡುಗಿಯಾಗಿದ್ದಾಗ.

ಐದು ಒಲಿಂಪಿಕ್ಸ್‌ನಲ್ಲಿ ಅವಳ ಸ್ಥಾನಗಳನ್ನು ಸಾಲಾಗಿ ಬರೆದರೆ ಹೀಗೆ: 15, 6, 3, 3, 1. ಒಂದು ಸಾಲಿಗೆ ಸಾಕಾಗುವ ಈ ಐದು ಅಂಕಿಗಳನ್ನು ಬರೆಯಲು ಹದಿನಾರು ವರ್ಷ ಹಿಡಿಯಿತು. ಕೊನೆಯ ಅಂಕಿ 1 ಆಗುವುದೋ 2 ಆಗುವುದೋ ಎಂಬುದು ಅರ್ಧ ಅಂಕಕ್ಕೂ ಕಡಿಮೆಯ ಮೇಲೆ ನಿಂತಿತ್ತು.

ಈ 0.43 ಎಲ್ಲಿಂದ ಬಂತು ಎಂದು ಬಿಡಿಸಿ ನೋಡಬೇಕು. ಆ ವರ್ಷದ ನಿಯಮದಂತೆ ಜೋಡಿಗಳು ಎರಡು ಬಾರಿ ರಿಂಕಿಗೆ ಇಳಿಯಬೇಕಿತ್ತು. ಮೊದಲು ಸುಮಾರು 2 ನಿಮಿಷ 40 ಸೆಕೆಂಡಿನ ಶಾರ್ಟ್ ಪ್ರೋಗ್ರಾಮ್, ಮರುದಿನ ಸುಮಾರು ನಾಲ್ಕೂವರೆ ನಿಮಿಷದ ಫ್ರೀ ಸ್ಕೇಟ್. ಎರಡೂ ಸೇರಿ ಏಳು ನಿಮಿಷ ಚಿಲ್ಲರೆ. ಅಷ್ಟರಲ್ಲಿ 19 ಕಸರತ್ತುಗಳು. ಎದುರು ಒಂಬತ್ತು ಮಂದಿ ತೀರ್ಪುಗಾರರು. ಪ್ರತಿ ಕಸರತ್ತಿಗೂ ಒಬ್ಬೊಬ್ಬರು ಒಂದೊಂದು ಅಂಕ ಹಾಕುತ್ತಾರೆ. ಅದಲ್ಲದೆ ಸ್ಕೇಟಿಂಗ್ ಕೌಶಲ, ಒಂದು ಕಸರತ್ತಿನಿಂದ ಇನ್ನೊಂದಕ್ಕೆ ಸಾಗುವ ಬಗೆ, ಅಭಿನಯ, ಸಂಯೋಜನೆ, ಸಂಗೀತದ ಅರಿವು ಎಂದು ಆಗ ಇದ್ದ ಐದು ವಿಭಾಗಗಳಿಗೆ ಬೇರೆ ಅಂಕ. ಕೂಡಿಸಿದರೆ ಒಂದು ಜೋಡಿಯ ಹೆಸರಿನ ಮುಂದೆ ಎರಡು ದಿನದಲ್ಲಿ 261 ಅಂಕಗಳು ಬಿದ್ದಿರುತ್ತಿದ್ದವು. ಪ್ರತಿ ಸಾಲಿನಲ್ಲೂ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದ ಏಳರ ಸರಾಸರಿ ಹಿಡಿಯುತ್ತಾರೆ.

ಫ್ರೀ ಸ್ಕೇಟ್‌ನ ಆ ಐದು ವಿಭಾಗಗಳನ್ನಷ್ಟೇ ತೆಗೆದುಕೊಳ್ಳೋಣ. ಅಲ್ಲಿ ತೀರ್ಪುಗಾರರು ಹತ್ತರೊಳಗೆ ಕಾಲು ಕಾಲು ಅಂಕದ ಮೆಟ್ಟಿಲಲ್ಲಿ ಏರಿಳಿಯುತ್ತಿದ್ದರು. ಸರಾಸರಿಯನ್ನು 1.6ರಿಂದ ಗುಣಿಸುತ್ತಿದ್ದರು. ಹಾಗಾಗಿ ಒಬ್ಬ ತೀರ್ಪುಗಾರ ಒಂದು ವಿಭಾಗದಲ್ಲಿ ಒಂದು ಮೆಟ್ಟಿಲು ಇಳಿದರೆ ಜೋಡಿಯ ಮೊತ್ತದಲ್ಲಿ ಇಳಿಯುತ್ತಿದ್ದದ್ದು ಸುಮಾರು 0.057. ಎಣಿಕೆಗೆ ಬರುವ 35 ಅಂಕಗಳಲ್ಲಿ ಎಂಟು ಮಾತ್ರ ಒಂದೊಂದು ಮೆಟ್ಟಿಲು ಕೆಳಗಿದ್ದಿದ್ದರೆ ಸಾಕಿತ್ತು, 0.46 ಹೋಗಿ ಚಿನ್ನ ಚೀನಾದ ಪಾಲಾಗುತ್ತಿತ್ತು. ಎಂಟು ಕಾಲು ಅಂಕಗಳು! ಒಬ್ಬ ತೀರ್ಪುಗಾರನಿಗೆ ಒಂದು ಕ್ಷಣ ಕೈಯ ಚಾಚು ಸ್ವಲ್ಪ ಕಡಿಮೆ ಅನ್ನಿಸಿದರೆ, ಇನ್ನೊಬ್ಬನಿಗೆ ತಾಳಕ್ಕೂ ಹೆಜ್ಜೆಗೂ ಕೂದಲೆಳೆ ಅಂತರ ಕಂಡರೆ ಅಷ್ಟು ಹೋಗಿಬಿಡುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ಮುಗಿಸಿದಾಗ ನನಗೆ ಮೈ ಜುಮ್ಮೆಂದಿತು. ಅಷ್ಟು ತೆಳುವಾದ ಹಲಗೆಯ ಮೇಲೆ ಒಂದು ಇಡೀ ಬದುಕು ನಿಂತು ದಾಟಿದೆ.

ಆದರೆ ಹಿಂದಿನ ದಿನ ಕಳೆದದ್ದು ಇದಕ್ಕಿಂತ ಎಷ್ಟೋ ದೊಡ್ಡದು. ಫೆಬ್ರವರಿ 14ರ ಶಾರ್ಟ್ ಪ್ರೋಗ್ರಾಮ್‌ನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಏಕಕಾಲಕ್ಕೆ ಟ್ರಿಪಲ್ ಸಾಲ್ಕೊ ಜಿಗಿಯಬೇಕಿತ್ತು. ಗಾಳಿಯಲ್ಲಿ ಮೂರು ಸುತ್ತು. ಸಾವ್ಚೆಂಕೊ ಮೂರು ಸುತ್ತಿದಳು, ಮಾಸ್ಸೊ ಎರಡಕ್ಕೇ ನಿಂತ. ಮೂರು ಸುತ್ತಿನ ಸಾಲ್ಕೊಗೆ ಆಗ ಮೂಲ ಬೆಲೆ 4.4, ಎರಡು ಸುತ್ತಿನದಕ್ಕೆ 1.3. ಅಂದರೆ ಅರೆ ಚಣದಲ್ಲಿ 3.1 ಅಂಕ ಹೋಯಿತು, ಮರುದಿನದ ಚಿನ್ನದ ಅಂತರದ ಏಳು ಪಟ್ಟಿಗೂ ಹೆಚ್ಚು. ಬಂದದ್ದು 76.59, ನಾಲ್ಕನೇ ಸ್ಥಾನ. ಮುಂದಿದ್ದ ಚೀನಾ ಜೋಡಿಗೆ 82.39.

ಅವಳು ಸರಿಯಾಗಿ ಜಿಗಿದಳಲ್ಲ, ಅವಳ 4.4 ಎಲ್ಲಿ ಹೋಯಿತು ಎಂದು ಕೇಳುವಂತಿಲ್ಲ. ಜೋಡಿ ಸ್ಕೇಟಿಂಗ್‌ನಲ್ಲಿ ಅವಳದು ಎಂಬ ಅಂಕವೇ ಇಲ್ಲ, ಅವನದು ಎಂಬುದೂ ಇಲ್ಲ. ಫಲಕದ ಮೇಲೆ ಎರಡು ಹೆಸರು, ಒಂದು ಸಂಖ್ಯೆ. ಆ ಸಂಖ್ಯೆಯನ್ನು ಎರಡಾಗಿ ಸೀಳುವ ಕತ್ತಿ ಯಾರ ಬಳಿಯೂ ಇಲ್ಲ. ಈ ಕ್ರೀಡೆಯ ಅತಿ ದೊಡ್ಡ ಅಚ್ಚರಿ ನನಗೆ ಕಾಣುವುದು ಇಲ್ಲಿಯೇ.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ಸಂಗತಿ. ವಿಟ್ಲದ ಸುತ್ತಮುತ್ತ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಚಳಿಗಾಲ ಬಂತೆಂದರೆ ಕಂಬಳದ ಕರೆಗಳಲ್ಲಿ, ಅಂದರೆ ಕೋಣಗಳು ಓಡುವ ಕೆಸರು ಗದ್ದೆಗಳಲ್ಲಿ, ನೀರು ನಿಲ್ಲುತ್ತದೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಓಡಿ 13.62 ಸೆಕೆಂಡಿನಲ್ಲಿ ಕರೆಯ ಕೊನೆಯ ಮಂಜೊಟ್ಟಿ ಮುಟ್ಟಿದರು. ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಎಂದು ಯಾರೋ ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಅದೇ ಜರ್ಮನಿಯ ಬರ್ಲಿನ್‌ನಲ್ಲಿ ಓಡಿದ್ದು 9.58. ಎರಡು ವಾರ ಕಳೆಯುವಷ್ಟರಲ್ಲಿ ಗೌಡರ ಹೆಸರು ಲೋಕವೆಲ್ಲ ಸುತ್ತಿತು. ಆ ಗದ್ದಲ ಅಡಗುವ ಮೊದಲೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು.

ಕೇಂದ್ರದ ಕ್ರೀಡಾ ಸಚಿವರು ಗೌಡರನ್ನು ಟ್ರಯಲ್ಸ್‌ಗೆ ಕರೆದರು. ಅವರು ಹೋಗಲಿಲ್ಲ. ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದರು. ಗೆಲುವಿನಲ್ಲಿ ಕೋಣಗಳ ಪಾಲೂ ಇದೆ ಎಂದರು. ಬೋಲ್ಟ್‌ನ ಜೊತೆ ಹೋಲಿಸಿದವರಿಗೆ ಈ ಮಾತಿನ ತೂಕ ಹತ್ತಲಿಲ್ಲ. ಹಗ್ಗ ಹಿಡಿದು ಹಿಂದೆ ಓಡುವವನನ್ನು ಕೋಣಗಳು ಎಳೆದೊಯ್ಯುತ್ತವೆ. ಓಡಿಸುವವನು ಅವುಗಳಿಗೆ ವೇಗ ತುಂಬುತ್ತಾನೆ. 13.62 ಎಂಬುದು ಆ ಮೂರು ಜೀವಗಳಿಗೆ ಸೇರಿದ ಅಂಕಿ. ಅದರಿಂದ ಒಬ್ಬನ 9.55 ಅನ್ನು ಬಿಡಿಸಿ ತೆಗೆಯಲು ಹೊರಟದ್ದೇ ತಪ್ಪು. ಕಂಬಳದ ಫಲಿತಾಂಶ ಓದುವಾಗ ಮೊದಲು ಕೋಣಗಳ ಯಜಮಾನರ ಹೆಸರು, ಆಮೇಲೆ ಓಡಿಸಿದವರ ಹೆಸರು ಹೇಳುವುದು ವಾಡಿಕೆ. ಗೆಲುವನ್ನು ಹಂಚಿಯೇ ಘೋಷಿಸುವ ಕ್ರಮ ಅದು.

ಸಾವ್ಚೆಂಕೊಳ ಬದುಕಿನ ಲೆಕ್ಕವೂ ಹೀಗೆ ಹಂಚಿಕೊಂಡದ್ದೇ. ಅವಳು ಹುಟ್ಟಿದ್ದು 1984ರ ಜನವರಿ 19ರಂದು, ಉಕ್ರೇನಿನ ಕೀವ್ ನಗರದ ದಕ್ಷಿಣಕ್ಕಿರುವ ಒಬುಖಿವ್ ಎಂಬ ಊರಿನಲ್ಲಿ. ತಂದೆ ಭಾರ ಎತ್ತುವವರು. ಮೂರನೇ ವಯಸ್ಸಿಗೇ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟ್ ಕಟ್ಟಿ ನಿಂತಳು. 2000ದಲ್ಲಿ ಸ್ಟಾನಿಸ್ಲಾವ್ ಮೊರೊಜೊವ್ ಜೊತೆ ಕಿರಿಯರ ವಿಶ್ವ ಚಾಂಪಿಯನ್ ಆದಳು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಉಕ್ರೇನಿನ ಪರವಾಗಿ 15ನೇ ಸ್ಥಾನ. ಅಲ್ಲಿಗೆ ಆ ಜೋಡಿ ಮುರಿಯಿತು.

ಜೋಡಿ ಮುರಿದರೆ ಜೋಡಿ ಸ್ಕೇಟರ್ ಏನೂ ಅಲ್ಲ. ಓಟಗಾರ ಒಬ್ಬನೇ ಓಡಬಹುದು. ಇವಳಿಗೆ ಜೊತೆಗಾರನಿಲ್ಲದೆ ಒಂದು ಸ್ಪರ್ಧೆಗೂ ಹೆಸರು ಕೊಡಲಾಗದು. ಹತ್ತೊಂಬತ್ತರ ಪ್ರಾಯದಲ್ಲಿ ಅವಳು ಭಾಷೆ ಬಾರದ ದೇಶಕ್ಕೆ ಹೊರಟು ಜರ್ಮನಿಯ ಕೆಮ್‌ನಿಟ್ಸ್ ನಗರ ಸೇರಿದಳು. 1997ರಲ್ಲಿ ಮಾಂಡಿ ವೋಟ್ಸೆಲ್ ಜೊತೆ ವಿಶ್ವ ಚಾಂಪಿಯನ್ ಆಗಿದ್ದ ಇಂಗೊ ಸ್ಟೊಯರ್ ಅಲ್ಲಿ ತರಬೇತುದಾರ. ಹೊಸ ಜೊತೆಗಾರ ರೊಬಿನ್ ಶೋಲ್ಕೊವಿ. 2005ರ ಕೊನೆಗೆ ಜರ್ಮನ್ ಪೌರತ್ವ ಸಿಕ್ಕಿತು, 2006ರ ಟುರಿನ್ ಒಲಿಂಪಿಕ್ಸ್‌ಗೆ ಇನ್ನು ಕೆಲವೇ ವಾರಗಳಿದ್ದಾಗ.

ಆಮೇಲಿನದು ನಂಬಲು ಕಷ್ಟವಾಗುವಂಥ ಸಾಲು. 2007ರಿಂದ 2014ರವರೆಗೆ ಎಂಟು ವಿಶ್ವ ಚಾಂಪಿಯನ್‌ಶಿಪ್, ಎಂಟು ಪದಕ, ಒಂದು ವರ್ಷವೂ ಬರಿಗೈಯಿಲ್ಲ. ಅದರಲ್ಲಿ ಐದು ಚಿನ್ನ: 2008, 2009, 2011, 2012, 2014. 2015ರಲ್ಲಿ ಸ್ಪರ್ಧೆಯೇ ಇಲ್ಲ. 2016ರಿಂದ ಮತ್ತೆ ಮೂರು ವರ್ಷ ಮೂರು ಪದಕ, ಕಂಚು, ಬೆಳ್ಳಿ, ಚಿನ್ನ ಎಂದು ಮೆಟ್ಟಿಲು ಹತ್ತಿದ ಹಾಗೆ. ಹನ್ನೆರಡು ವರ್ಷದಲ್ಲಿ ಹನ್ನೊಂದು ಪದಕ, ಆರು ವಿಶ್ವ ಪಟ್ಟ. ಎಂಟು ಪದಕ ಶೋಲ್ಕೊವಿಯ ಜೊತೆ, ಮೂರು ಮಾಸ್ಸೊನ ಜೊತೆ.

2012ರಲ್ಲಿ ನೀಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅನ್ನು ಇಲ್ಲಿ ಬಿಡುವ ಹಾಗಿಲ್ಲ. ಸಾವ್ಚೆಂಕೊ ಮತ್ತು ಶೋಲ್ಕೊವಿಗೆ 201.49, ರಷ್ಯಾದ ತತಿಯಾನಾ ವೊಲೊಸೊಝರ್ ಮತ್ತು ಮಕ್ಸಿಮ್ ತ್ರಾಂಕೊವ್‌ಗೆ 201.38. ಅಂತರ 0.11! ಗಂಗ್ನುಂಗ್‌ನ ಅಂತರದ ನಾಲ್ಕನೇ ಒಂದು ಭಾಗ. ಈ ವೊಲೊಸೊಝರ್ ಯಾರು? ಸಾವ್ಚೆಂಕೊ ಜರ್ಮನಿಗೆ ಹೋದ ಮೇಲೆ ಉಕ್ರೇನಿನಲ್ಲಿ ಉಳಿದ ಮೊರೊಜೊವ್‌ನ ಹೊಸ ಜೊತೆಗಾತಿ. 2010ರವರೆಗೆ ಅವನ ಜೊತೆ ಸ್ಕೇಟ್ ಮಾಡಿ, ಆಮೇಲೆ ರಷ್ಯಾಕ್ಕೆ ಹೋದವಳು. 2014ರ ಸೋಚಿ ಒಲಿಂಪಿಕ್ಸ್‌ನ ಚಿನ್ನ ಅವಳಿಗೇ ಸಿಕ್ಕಿತು. ಸಾವ್ಚೆಂಕೊಗೆ ಸೋಚಿಯಲ್ಲಿ ಎರಡನೇ ಕಂಚು.

ಸೋಚಿಯ ಫ್ರೀ ಸ್ಕೇಟ್‌ನ ಕೊನೆಗೆ ಸಾವ್ಚೆಂಕೊ ಮತ್ತು ಶೋಲ್ಕೊವಿ ಇಟ್ಟುಕೊಂಡಿದ್ದದ್ದು ಎಸೆತದ ಟ್ರಿಪಲ್ ಆಕ್ಸೆಲ್. ಹುಡುಗ ಹುಡುಗಿಯನ್ನು ಮುಂದಕ್ಕೆ ಎಸೆಯುತ್ತಾನೆ. ಅವಳು ಗಾಳಿಯಲ್ಲಿ ಮೂರೂವರೆ ಸುತ್ತು ಸುತ್ತಿ, ಹಿಮ್ಮುಖವಾಗಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ಗಾಳಿಯಲ್ಲಿ ಇರಲು ಸಿಗುವುದು ಮುಕ್ಕಾಲು ಸೆಕೆಂಡ್ ಎಂದಿಟ್ಟುಕೊಳ್ಳಿ. ಹಾಗಾದರೆ ಸೆಕೆಂಡಿಗೆ ನಾಲ್ಕೂವರೆ ಸುತ್ತಿಗೂ ಹೆಚ್ಚು, ನಿಮಿಷಕ್ಕೆ 280. ಇಳಿಯುವ ಜಾಗ ಎಷ್ಟು? ಸ್ಕೇಟಿನ ಅಲಗಿನ ದಪ್ಪ ಸುಮಾರು 4 ಮಿಲಿಮೀಟರ್. ಅದರ ಅಡಿಯಲ್ಲಿ ನಡುವೆ ಕಾಲುವೆಯಂತೆ ಕೊರೆದು ಎರಡು ಅಂಚು ಮಾಡಿರುತ್ತಾರೆ. ಎರಡು ಅಂಚಿನ ಮೇಲೂ ಇಳಿಯುವ ಹಾಗಿಲ್ಲ, ಹೊರಗಿನ ಒಂದೇ ಅಂಚು. ಸೋಚಿಯಲ್ಲಿ ಅವಳು ಬಿದ್ದಳು. ಆದರೆ ಸುಲಭದ ಎಸೆತ ಸಾಕು ಎಂದು ಅವರು ಬಿಡಲಿಲ್ಲ. ಆ ಧೈರ್ಯವನ್ನು ನಾನು ಆ ಕಂಚಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ಅವಳು ಬೀಳುವ ನೆಲದ ಲೆಕ್ಕವನ್ನೂ ಹೇಳಬೇಕು. ವಿಟ್ಲದಲ್ಲಿ ನೆಲದ ಮೇಲೆ ನೀರು ಹೆಪ್ಪುಗಟ್ಟಿದ್ದನ್ನು ಕಂಡವರಿಲ್ಲ. ಒಲಿಂಪಿಕ್ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಅದರ ಮೇಲೆ ಇರುವುದು ನಾಲ್ಕು ಸೆಂಟಿಮೀಟರ್ ಆಸುಪಾಸಿನ ಹಿಮದ ಪದರ, ಹೆಚ್ಚುಕಡಿಮೆ 72 ಸಾವಿರ ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 4000 ಮಿಲಿಮೀಟರ್. ಅದೇ ಅಳತೆಯ ಅಂಗಳವೊಂದು ಇಲ್ಲಿದ್ದರೆ ಒಂದು ಮಳೆಗಾಲ ಅದರ ಮೇಲೆ ಅಂಥ ನೂರು ಪದರಗಳಿಗೆ ಸಾಕಾಗುವಷ್ಟು ನೀರು ಸುರಿಯುತ್ತದೆ. ಒಂದು ಪದರವೂ ನಿಲ್ಲುವುದಿಲ್ಲ. ರಿಂಕಿನಲ್ಲಿ ಅದನ್ನು ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಹಿಡಿದಿಡುತ್ತಾರೆ. ಇನ್ನೂ ತಣ್ಣಗಾದರೆ ಹಿಮ ಬಿರುಸಾಗಿ ಒಡೆಯುತ್ತದೆ, ಬಿಸಿಯಾದರೆ ಅಲಗು ಹೂತುಹೋಗುತ್ತದೆ. ಜಿಗಿಯುವವರಿಗೆ ಬೇಕಾದದ್ದು ಆ ಎರಡು ಡಿಗ್ರಿಗಳ ನಡುವಿನ ಹದ.

ಸೋಚಿಯ ಬಳಿಕ ಶೋಲ್ಕೊವಿ ನಿವೃತ್ತನಾದ. ಮೂವತ್ತು ದಾಟಿದ, ಐದು ವಿಶ್ವ ಪಟ್ಟ ಗೆದ್ದ ಸ್ಕೇಟರ್ ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಮೂರನೇ ಜೊತೆಗಾರನನ್ನು ಹುಡುಕಿದಳು. ಫ್ರಾನ್ಸಿನ ಕಾನ್ ಊರಿನ ಬ್ರೂನೊ ಮಾಸ್ಸೊ, ಆರಡಿ ದಾಟಿದ ಆಳು, ಅವಳಿಗಿಂತ ಐದು ವರ್ಷ ಚಿಕ್ಕವನು. ಇವಳ ಎತ್ತರ ಐದು ಅಡಿಯ ಆಸುಪಾಸು. ಅಭ್ಯಾಸ ಬವೇರಿಯಾದ ಬೆಟ್ಟಗಳ ನಡುವಿನ ಓಬರ್‌ಸ್ಟ್‌ಡೋರ್ಫ್‌ನಲ್ಲಿ, ಅಲೆಕ್ಸಾಂಡರ್ ಕೋನಿಗ್ ಅವರ ಕೈಕೆಳಗೆ. ಆದರೆ ಅವನು ಬೇರೆ ದೇಶದವನು. ಫ್ರಾನ್ಸಿನ ಫೆಡರೇಶನ್ ಬಿಟ್ಟುಕೊಡದೆ ಸ್ಪರ್ಧಿಸುವಂತಿಲ್ಲ. 2015ರಲ್ಲಿ ಬಿಡುಗಡೆ ಸಿಕ್ಕಿದ್ದು 30,000 ಯೂರೋ ಕೊಟ್ಟ ಮೇಲೆ. ಆ ಕಾಯುವಿಕೆಯಲ್ಲಿ ಒಂದು ಇಡೀ ವಿಶ್ವ ಚಾಂಪಿಯನ್‌ಶಿಪ್ ಹೋಯಿತು. ಮೇಲೆ ಹೇಳಿದ ಸಾಲಿನಲ್ಲಿ 2015 ಖಾಲಿ ಬಿದ್ದಿರುವುದು ಅದಕ್ಕೇ.

2016ರ ನವೆಂಬರಿನಲ್ಲಿ ಗ್ರ್ಯಾಂಡ್ ಪ್ರಿ ಸರಣಿಯ ಪ್ಯಾರಿಸ್ ಪಂದ್ಯದಲ್ಲಿ ಅದೇ ಎಸೆತದ ಟ್ರಿಪಲ್ ಆಕ್ಸೆಲ್‌ಗೆ ಹೋಗಿ ಅವಳ ಪಾದದ ಕೀಲಿನ ತಂತು ಹರಿಯಿತು. ಪಂದ್ಯ ಗೆದ್ದರು, ಸರಣಿಯ ಫೈನಲ್ ಕೈತಪ್ಪಿತು. 2017ರ ನವೆಂಬರಿನಲ್ಲಿ ಇನ್ನೊಂದು ಪರೀಕ್ಷೆ, ಇದು ರಿಂಕಿನ ಹೊರಗೆ. ಒಲಿಂಪಿಕ್ಸ್‌ನಲ್ಲಿ ಒಂದು ದೇಶದ ಪರ ಆಡಬೇಕಾದರೆ ಆ ದೇಶದ ಪೌರತ್ವ ಬೇಕು. ಮಾಸ್ಸೊ ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿ ಪೌರನಾದಾಗ ಕೊರಿಯಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳಿಗೆ ಆದದ್ದೇ ಈಗ ಅವನಿಗೂ ಆಯಿತು. ಜರ್ಮನಿಯ ಈ ಜೋಡಿಯಲ್ಲಿ ಜರ್ಮನಿಯಲ್ಲಿ ಹುಟ್ಟಿದವರು ಯಾರೂ ಇಲ್ಲ.

ಆ ದೇಶಕ್ಕೂ ಈ ಪದಕದ ಹಸಿವು ಹಳೆಯದು. ಒಲಿಂಪಿಕ್ಸ್‌ನ ಮೊತ್ತಮೊದಲ ಜೋಡಿ ಚಿನ್ನ, 1908ರ ಲಂಡನ್‌ನಲ್ಲಿ, ಜರ್ಮನಿಯ ಆನಾ ಹ್ಯೂಬ್ಲರ್ ಮತ್ತು ಹೈನ್‌ರಿಖ್ ಬುರ್ಗರ್ ಅವರದು. ಅಂದು ಕಣದಲ್ಲಿದ್ದದ್ದು ಮೂರೇ ಜೋಡಿ, ಇಳಿದವರಿಗೆಲ್ಲ ಪದಕ! 1936ರಲ್ಲಿ ಮಾಕ್ಸಿ ಹೆರ್ಬರ್ ಮತ್ತು ಎರ್ನ್ಸ್ಟ್ ಬಯರ್ ಗೆದ್ದಾಗ ಹೆರ್ಬರ್‌ಗೆ ಬರೀ 15 ವರ್ಷ. 1952ರಲ್ಲಿ ರಿಯಾ ಮತ್ತು ಪೌಲ್ ಫಾಲ್ಕ್ ದಂಪತಿ. ಆಮೇಲೆ ಚಿನ್ನವೇ ಇಲ್ಲ. ಮಾರಿಕಾ ಕಿಲಿಯುಸ್ ಮತ್ತು ಹಾನ್ಸ್ ಯುರ್ಗೆನ್ ಬೊಯ್ಮ್ಲರ್ 1960ರಲ್ಲೂ 1964ರಲ್ಲೂ ಬೆಳ್ಳಿಗೆ ನಿಂತರು. ಗೆಲುವಿನ ನಡುವಿನ ಅಂತರಗಳು 28 ವರ್ಷ, 16 ವರ್ಷ, 66 ವರ್ಷ. ಹದಿನೈದರ ಹೆರ್ಬರ್ ಮತ್ತು ಮೂವತ್ತನಾಲ್ಕರ ಸಾವ್ಚೆಂಕೊ ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ.

ಇನ್ನು ಗಂಗ್ನುಂಗ್‌ನ ಆ ಎರಡನೇ ದಿನ. ಮುಂದಿದ್ದವರಿಗಿಂತ 5.80 ಅಂಕ ಹಿಂದೆ. ಸಾವ್ಚೆಂಕೊ ಮತ್ತು ಮಾಸ್ಸೊ ಸ್ಕೇಟ್ ಮಾಡಿದ್ದು ಅರ್ಮಾಂ ಅಮಾರ್ ಅವರ ಸಂಗೀತಕ್ಕೆ, ಹೆಜ್ಜೆ ಜೋಡಿಸಿದವರು ಬ್ರಿಟನ್ನಿನ ಕ್ರಿಸ್ಟೊಫರ್ ಡೀನ್. 1984ರ ಫೆಬ್ರವರಿ 14ರಂದು ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಜೇನ್ ಟೊರ್ವಿಲ್ ಜೊತೆ ಐಸ್ ಡಾನ್ಸ್ ಮಾಡಿ, ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರಿಂದಲೂ 6.0 ಎಂಬ ಪೂರ್ಣ ಅಂಕ ಪಡೆದವರು ಇವರೇ. ಅಂದು ಸಾವ್ಚೆಂಕೊ 26 ದಿನದ ಕೂಸು. ಡೀನ್ ಗೆದ್ದ ಕಾಲದ ಆ ಆರರ ಪದ್ಧತಿ ಹೋಗಿ ದಶಮಾಂಶದ ಪದ್ಧತಿ ಬಂದು ವರ್ಷಗಳೇ ಆಗಿದ್ದವು. ಆ ಕೂಸೂ ಅಷ್ಟರಲ್ಲಿ ಒಲಿಂಪಿಕ್ಸ್‌ಗೆ ನಾಲ್ಕು ಬಾರಿ ಹೋಗಿ ಬಂದಿತ್ತು.

ಹನ್ನೆರಡು ಕಸರತ್ತು, ಒಂದರಲ್ಲೂ ಎಡವಲಿಲ್ಲ. ಹಿಂದಿನ ದಿನ ಎರಡಕ್ಕೆ ನಿಂತಿದ್ದ ಸಾಲ್ಕೊವನ್ನು ಮಾಸ್ಸೊ ಮೂರೂ ಸುತ್ತಿ ಇಳಿದ. 159.31. ಅಂದಿನವರೆಗೆ ಲೋಕದಲ್ಲಿ ಯಾವ ಜೋಡಿಗೂ ಫ್ರೀ ಸ್ಕೇಟ್‌ನಲ್ಲಿ ಬಾರದ ಮೊತ್ತ. ಹಿಂದಿನ ದಾಖಲೆ 157.25 ಕೂಡ ಎರಡು ತಿಂಗಳ ಹಿಂದೆ ನಗೋಯಾದಲ್ಲಿ ಇವರೇ ಬರೆದದ್ದು. ಆದರೂ ಚಿನ್ನ ಇವರ ಕೈಯಲ್ಲಿರಲಿಲ್ಲ. ಶಾರ್ಟ್ ಪ್ರೋಗ್ರಾಮ್‌ನಲ್ಲಿ ಮುಂದಿದ್ದವರು ಮುಗಿಸುವವರೆಗೆ ಕಾಯಬೇಕಿತ್ತು. ಆ ಪೈಕಿ ರಷ್ಯನ್ ಜೋಡಿ ಯೆವ್ಗೇನಿಯಾ ತರಾಸೊವಾ ಮತ್ತು ವ್ಲಾದಿಮಿರ್ ಮೊರೊಜೊವ್ ಅವರಿಗೆ ತರಬೇತಿ ಕೊಟ್ಟವರಲ್ಲಿ ರೊಬಿನ್ ಶೋಲ್ಕೊವಿಯೂ ಒಬ್ಬ. ಹನ್ನೊಂದು ವರ್ಷ ಇವಳನ್ನು ಎತ್ತಿ ಎಸೆದು ಹಿಡಿದವನು ಈಗ ಎದುರಾಳಿಗಳ ಪಾಳಯದಲ್ಲಿದ್ದ. ಅವನ ಶಿಷ್ಯರು ಪದಕದಿಂದ ಹೊರಗುಳಿದು ನಾಲ್ಕನೆಯವರಾದರು. ಕೆನಡದ ಡ್ಯುಹಾಮೆಲ್ ಮತ್ತು ರ‍್ಯಾಡ್‌ಫರ್ಡ್ 230.15ಕ್ಕೆ ನಿಂತರು. ಸುಯಿ ಮತ್ತು ಹಾನ್ ಅವರಿಗೆ ಬೇಕಿದ್ದದ್ದು 153.52. ಬಂದದ್ದು 153.08.

ಇನ್ನೊಂದು ತಿಂಗಳು ಕಳೆದು ಮಿಲಾನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಅಲ್ಲಿ ಸಾವ್ಚೆಂಕೊ ಮತ್ತು ಮಾಸ್ಸೊ ತಮ್ಮದೇ ದಾಖಲೆ ಮುರಿದು ಫ್ರೀ ಸ್ಕೇಟ್‌ನಲ್ಲಿ 162.86, ಒಟ್ಟು 245.84 ಗಳಿಸಿದರು. ಎರಡನೇ ಸ್ಥಾನಕ್ಕೆ ಬಂದ ತರಾಸೊವಾ ಮತ್ತು ಮೊರೊಜೊವ್‌ಗೆ 225.53. ಅಂತರ 20.31. ಫೆಬ್ರವರಿಯ ಅಂತರದ 47 ಪಟ್ಟು. ಆ ಬಳಿಕ ಅವರಿಬ್ಬರೂ ಸ್ಪರ್ಧೆಗೆ ಇಳಿಯಲಿಲ್ಲ.

ಸುಯಿ ವೆನ್‌ಜಿಂಗ್ ಮತ್ತು ಹಾನ್ ಚೊಂಗ್ ನಾಲ್ಕು ವರ್ಷ ಕಾದರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ತಮ್ಮದೇ ದೇಶದ ಹಿಮದ ಮೇಲೆ, ಅವರು 239.88 ಗಳಿಸಿ ಚಿನ್ನ ಗೆದ್ದರು. ಬೆಳ್ಳಿ ಅದೇ ತರಾಸೊವಾ ಮತ್ತು ಮೊರೊಜೊವ್ ಪಾಲಾಯಿತು, 239.25ಕ್ಕೆ. ಈ ಸಲ ಅಂತರ 0.63.